ಸಾಲಿಗ್ರಾಮದ ಚಕ್ರ ಮತ್ತು ಭೂಮಿಯ ಪಂಚಾಂಗ



ನಮ್ಮ ನಾಡಿನ ಅನೇಕ ಮನೆಗಳ ದೇವರ ಸಂಪುಟದಲ್ಲಿ ಸಾಲಿಗ್ರಾಮವಿದೆ. ನಿತ್ಯ ಅಭಿಷೇಕ ಮಾಡಿ, ತುಳಸಿ ಏರಿಸಿ, ತೀರ್ಥ ತೆಗೆದುಕೊಳ್ಳುವ ಈ ಕಪ್ಪು ಶಿಲೆ ನೇಪಾಳದ ಗಂಡಕಿ ನದಿಯಿಂದ ಬಂದುದು. ಎಲ್ಲದರಲ್ಲೂ ಅಲ್ಲದಿದ್ದರೂ ಹಲವು ಶಿಲೆಗಳಲ್ಲಿ ಸುರುಳಿಯಾದ ಚಕ್ರ ಕಾಣುತ್ತದೆ. ವಜ್ರಕೀಟವೆಂಬ ಹುಳು ಅದನ್ನು ಕೊರೆಯಿತೆಂಬುದು ಪರಂಪರೆಯ ಮಾತು. ಭೂವಿಜ್ಞಾನವೂ ಅಲ್ಲಿ ಒಂದು ಜೀವಿಯನ್ನೇ ಕಾಣುತ್ತದೆ. ಆದರೆ ಅದು ಕಲ್ಲನ್ನು ಕೊರೆದ ಜೀವಿಯಲ್ಲ. ಸತ್ತ ಮೇಲೆ ಅದರ ಚಿಪ್ಪಿನ ಸುತ್ತ ಕೆಸರು ಗಟ್ಟಿಯಾಗಿ ಕಲ್ಲಾಯಿತು. ಆ ಜೀವಿಯ ಹೆಸರು ಅಮೊನೈಟ್.

ಅಮೊನೈಟ್ ಕಡಲಜೀವಿ, ಕರಾವಳಿಯ ಮೀನುಪೇಟೆಯಲ್ಲಿ ಸಿಗುವ ಬೊಂಡಾಸ್ ಮತ್ತು ಆಕ್ಟೋಪಸ್‌ಗಳ ಬಂಧು. ಸುರುಳಿ ಚಿಪ್ಪಿನೊಳಗೆ ಸಾಲು ಕೋಣೆಗಳು. ಕೊನೆಯ ಕೋಣೆಯಲ್ಲಿ ಜೀವಿಯ ವಾಸ. ಹಿಂದಿನ ಕೋಣೆಗಳಲ್ಲಿ ಅನಿಲ ತುಂಬಿ, ಅದು ನೀರಿನಲ್ಲಿ ತೇಲಲು ನೆರವಾಗುತ್ತಿತ್ತು. ಸುಮಾರು 40 ಕೋಟಿ ವರ್ಷಗಳ ಹಿಂದೆ ತಲೆದೋರಿದ ಈ ಬಳಗ, 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರ್‌ಗಳು ಅಳಿದ ಕಾಲಕ್ಕೇ ಅಳಿಯಿತು.

ಕಡಲಜೀವಿ ಹಿಮಾಲಯಕ್ಕೆ ಬಂದದ್ದು ಹೇಗೆ? ಭಾರತ ಮತ್ತು ಏಷ್ಯಾ ಖಂಡಗಳ ನಡುವೆ ಆಗ ಟೆಥಿಸ್ ಎಂಬ ಸಾಗರವಿತ್ತು. ಭಾರತದ ಭೂಭಾಗ ಉತ್ತರಕ್ಕೆ ಸರಿಯುತ್ತ ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ತಾಗಿತು. ನಡುವಿನ ಕಡಲತಳ ಮಡಚಿಕೊಂಡು ಮೇಲೆದ್ದಿತು. ಮುಕ್ತಿನಾಥದ ಸುತ್ತಲಿನ ಕರಿಯ ಜೇಡಿಪದರಗಳಲ್ಲಿ ಹುದುಗಿದ್ದ ಉಂಡೆಕಲ್ಲುಗಳನ್ನು ಮಳೆ, ಹಿಮ, ಹೊಳೆಗಳು ಬಿಡಿಸಿ ಗಂಡಕಿಗೆ ಸೇರಿಸುತ್ತವೆ.

ಇದಿಷ್ಟು ಹುಟ್ಟಿನ ಕಥೆ. ವಿಜ್ಞಾನಕ್ಕೆ ಅಮೊನೈಟ್ ಏಕೆ ಇಷ್ಟು ಮುಖ್ಯ? ಅವು ಬಹುಬೇಗ ರೂಪ ಬದಲಿಸಿದವು, ದೂರದೂರದ ಕಡಲುಗಳಿಗೆ ಹರಡಿದವು, ಹೇರಳವಾಗಿ ಉಳಿದವು. ಚಿಪ್ಪಿನ ಏಣು, ಕೋಣೆಗೋಡೆಗಳು ಚಿಪ್ಪನ್ನು ಕೂಡುವ ವಂಕಿಗೆರೆ ಇವುಗಳಿಂದ ಒಂದೊಂದು ಜಾತಿಯನ್ನು ಗುರುತಿಸಬಹುದು. ಒಂದು ಜಾತಿ ಬಾಳಿದ್ದು ಅಲ್ಪಕಾಲವಾದರೆ, ಅದು ಸಿಕ್ಕ ಪದರವೂ ಅದೇ ಅಲ್ಪಕಾಲದ್ದು.

ಕಾಲುವೆ ಕೆಲಸದ ಸರ್ವೇಯರ್ ಆಗಿದ್ದ ಇಂಗ್ಲೆಂಡಿನ ವಿಲಿಯಂ ಸ್ಮಿತ್, ಪ್ರತಿ ಪದರಕ್ಕೂ ತನ್ನದೇ ಪಳೆಯುಳಿಕೆಗಳಿವೆಯೆಂದು ಕಂಡುಕೊಂಡು 1815ರಲ್ಲಿ ಆ ದೇಶದ ಭೂವೈಜ್ಞಾನಿಕ ನಕ್ಷೆ ಪ್ರಕಟಿಸಿದ. ಜರ್ಮನಿಯ ಆಲ್ಬರ್ಟ್ ಓಪೆಲ್ 1856–58ರಲ್ಲಿ ಜುರಾಸಿಕ್ ಯುಗವನ್ನು ಬಹುಮಟ್ಟಿಗೆ ಅಮೊನೈಟ್‌ಗಳ ಹೆಸರಿನಲ್ಲೇ ಸಣ್ಣ ವಲಯಗಳಾಗಿ ವಿಂಗಡಿಸಿದ. ಹೀಗೆ ಬೇರೆ ಬೇರೆ ದೇಶಗಳ ಪದರಗಳನ್ನು ಒಂದಕ್ಕೊಂದು ಹೊಂದಿಸುವ ಪಂಚಾಂಗ ಸಿದ್ಧವಾಯಿತು. ಅದು ಇಂದಿಗೂ ನಡೆಯುತ್ತಿದೆ. ಜುರಾಸಿಕ್ ಯುಗದ ಆರಂಭವನ್ನು 2010ರಲ್ಲಿ ಅಧಿಕೃತವಾಗಿ ಗೊತ್ತುಮಾಡಿದ್ದು ಆಸ್ಟ್ರಿಯದ ಒಂದು ಬೆಟ್ಟದಲ್ಲಿ, ಒಂದು ಅಮೊನೈಟ್ ಜಾತಿ ಮೊದಲು ಕಾಣಿಸಿಕೊಂಡ ಪದರದಿಂದ.

ಇಲ್ಲಿಯೇ ಸಂಗ್ರಹಕಾರನ ಹೊಣೆ ಇರುವುದು. ನದಿಗೆ ಬಿದ್ದ ಸಾಲಿಗ್ರಾಮ ತನ್ನ ಪದರವನ್ನು ಕಳೆದುಕೊಂಡಿದೆ. ಬಲ್ಲವರು ಅದರ ಜಾತಿ ನೋಡಿ, ಇರುವ ಪಂಚಾಂಗದಿಂದ ಅದರ ಕಾಲ ಹೇಳಬಹುದು. ಆದರೆ ಆ ಪಂಚಾಂಗವನ್ನು ತಿದ್ದುವ ಶಕ್ತಿ ಅದಕ್ಕಿಲ್ಲ. ಪೂಜೆಗೆ ಇದರಿಂದ ಕೊರತೆಯೇನಿಲ್ಲ. ಬಂಡೆಯಿಂದ ಕಿತ್ತು, ಊರು-ಪದರ ಬರೆಯದೆ ಷೋಕೇಸಿನಲ್ಲಿಟ್ಟ ಅಮೊನೈಟ್‌ಗೆ ಮಾತ್ರ ಇದು ದೊಡ್ಡ ನಷ್ಟ. ನದಿ ಮಾಡಿದ್ದನ್ನೇ ಅಲ್ಲಿ ಮನುಷ್ಯ ಮಾಡಿರುತ್ತಾನೆ.

ಕರ್ನಾಟಕದ ಹೆಚ್ಚಿನ ಶಿಲೆಗಳು ಅಮೊನೈಟ್ ಹುಟ್ಟುವ ಬಹು ಮುಂಚಿನವು. ಉತ್ತರದ ಕರಿಕಲ್ಲು ಲಾವಾ ಆರಿದ್ದು. ಅಮೊನೈಟ್ ನೋಡಬೇಕೆಂದರೆ ನಾವು ಕಚ್ಛ್‌ಗೆ ಅಥವಾ ತಮಿಳುನಾಡಿನ ಅರಿಯಲೂರು, ಪೆರಂಬಲೂರು ಸೀಮೆಗೆ ಹೋಗಬೇಕು. ದಕ್ಷಿಣ ಭಾರತದ ಈ ಅಮೊನೈಟ್‌ಗಳನ್ನು ಫರ್ಡಿನಾಂಡ್ ಸ್ಟೊಲಿಚ್ಕಾ 1860ರ ದಶಕದಲ್ಲೇ ವಿವರವಾಗಿ ಬರೆದಿಟ್ಟಿದ್ದಾನೆ. ಅಲ್ಲಿ ಸಿಮೆಂಟಿಗಾಗಿ ಸುಣ್ಣಕಲ್ಲಿನ ಗಣಿಗಳಿವೆ. ಗಣಿಯಲ್ಲಿ ಯಾರೂ ಎತ್ತಿಡದ ಪಳೆಯುಳಿಕೆ ಕಲ್ಲಿನೊಡನೆ ಪುಡಿಯಾಗಿ ಹೋಗುತ್ತದೆ. ಆದ್ದರಿಂದ ಮುಟ್ಟದೇ ಬಿಡುವುದೇ ಎಲ್ಲೆಡೆ ರಕ್ಷಣೆಯಲ್ಲ. ಅನುಮತಿ ಪಡೆದು, ಕ್ರಮವರಿತು ಎತ್ತಿದರೆ ಅದೇ ರಕ್ಷಣೆ.

ಕ್ರಮವೇನೂ ಕಠಿಣವಲ್ಲ. ಸುತ್ತಿಗೆಗಿಂತ ಮೊದಲು ಪೆನ್ಸಿಲ್ ಹಿಡಿಯಬೇಕು. ಜಾಗದ ಗುರುತು, ಯಾವ ಪದರ, ಬುಡದಿಂದ ಎಷ್ಟು ಎತ್ತರ, ತಾರೀಖು ಇವನ್ನು ಬರೆದು, ಚಿತ್ರ ತೆಗೆದು, ಕಲ್ಲಿಗೂ ಪುಸ್ತಕಕ್ಕೂ ಒಂದೇ ಸಂಖ್ಯೆ ಕೊಡಬೇಕು. ಬಂಡೆಯ ಬುಡದಲ್ಲಿ ಉದುರಿ ಬಿದ್ದದ್ದಾದರೆ ಹಾಗೆಂದೇ ಬರೆಯಬೇಕು. ಊಹಿಸಿ ಪದರ ನಮೂದಿಸಬಾರದು. ಅಪರೂಪದ್ದು ಸಿಕ್ಕರೆ ವಸ್ತುಸಂಗ್ರಹಾಲಯಕ್ಕೋ ವಿಶ್ವವಿದ್ಯಾನಿಲಯದ ಭೂವಿಜ್ಞಾನ ವಿಭಾಗಕ್ಕೋ ತಿಳಿಸಬೇಕು.

ಮುರಿದ ಅಮೊನೈಟ್ ಆದರೂ ಚಿಂತೆಯಿಲ್ಲ, ಅದರ ಜೊತೆ ಆ ಚೀಟಿ ಇರಲಿ. ನಾಳೆ ಬೇರೊಬ್ಬರು ಅದೇ ಪದರದ ಮುಂದೆ ನಿಂತು ನಮ್ಮ ಮಾತು ನಿಜವೋ ಸುಳ್ಳೋ ಎಂದು ಪರೀಕ್ಷಿಸಲು ಅಷ್ಟು ಸಾಕು.