ಮಂಡಿಯ ಊತಕ್ಕೊಂದು ಹೆಸರು

ಮೊಣಕಾಲು ಊದಿದಾಗ ನಮ್ಮ ಜನ ಆಡುವ ಮಾತುಗಳನ್ನು ಗಮನಿಸಬೇಕು. ‘ಮಂಡಿ ಬಾತುಕೊಂಡಿದೆ’ ಎಂದು ಒಬ್ಬರು, ‘ಕೀಲಿನಲ್ಲಿ ನೀರು ತುಂಬಿದೆ’ ಎಂದು ಇನ್ನೊಬ್ಬರು. ಮೊದಲಿನದು ಕಣ್ಣಿಗೆ ಕಂಡದ್ದು, ಎರಡನೆಯದು ಊಹಿಸಿದ್ದು. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಮಂಡಿಯ ನಡುವೆ ಹುಟ್ಟುವ ಭಾರಿ ನೋವಿನ ದಪ್ಪ ಬಾವಿಗೆ ‘ಕ್ರೋಷ್ಟುಕಶೀರ್ಷ’ ಎಂಬ ಹೆಸರುಂಟು. ಕ್ರೋಷ್ಟುಕವೆಂದರೆ ನರಿ, ಮಂಡಿ ನರಿಯ ತಲೆಯಂತೆ ಕಾಣುವುದೆಂದು ಅರ್ಥ. ತೊಡೆಯ ಮಾಂಸ ಕರಗಿ, ಕೆಳಗಾಲು ಬಡವಾಗಿ, ನಡುವೆ ಮಂಡಿ ಮಾತ್ರ ಉಬ್ಬಿ ನಿಂತ ರೋಗಿಯನ್ನು ಕಂಡವರು ಆ ಹೋಲಿಕೆಗೆ ತಲೆದೂಗದಿರಲಾರರು. ಆ ಹೆಸರಿಟ್ಟವರು ರೂಪವನ್ನಷ್ಟೇ ಹೇಳಿ ಸುಮ್ಮನಾಗಲಿಲ್ಲ. ವಾತರಕ್ತಗಳ ದೋಷದಿಂದ ಅದು ಹುಟ್ಟುತ್ತದೆ ಎಂದು ಕಾರಣವನ್ನೂ ಜೊತೆಗೇ ಹೇಳಿದರು. ಇಂದಿನ ವೈದ್ಯ ಆ ಕಾರಣವನ್ನು ಒಪ್ಪದಿರಬಹುದು. ಆದರೆ ರೂಪವನ್ನು ಬರೆದವನು ಕಾರಣವನ್ನೂ ಬರೆಯಬೇಕೆಂಬ ಆ ಶಿಸ್ತನ್ನು ಒಪ್ಪದೆ ಗತಿಯಿಲ್ಲ.

ಈಗ ಹೆಸರಿನ ಜೊತೆಗೆ ಒಂದು ಅಂಕಿಯೂ ಬೇಕಾಗಿದೆ. ಫ್ರಾನ್ಸಿನ ಜಾಕ್ ಬರ್ತಿಯೋನ್ ಸಿದ್ಧಪಡಿಸಿದ ಮರಣಕಾರಣಗಳ ಪಟ್ಟಿಯನ್ನು 1893ರಲ್ಲಿ ಷಿಕಾಗೋ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಂಸ್ಥೆ ಅಂಗೀಕರಿಸಿತು. ಅದು ಸತ್ತವರ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 1948ರಲ್ಲಿ ಆರನೆಯ ಪರಿಷ್ಕರಣದ ಹೊಣೆ ಹೊತ್ತ ಮೇಲೆಯೇ ಬದುಕಿ ನರಳುವವರ ಕಾಯಿಲೆಗಳೂ ಆ ಪಟ್ಟಿಗೆ ಸೇರಿದುದು. ಹತ್ತನೆಯ ಪರಿಷ್ಕರಣ 1990ರಲ್ಲಿ ಅಂಗೀಕೃತವಾಯಿತು. ಹನ್ನೊಂದನೆಯದು 2022ರ ಜನವರಿಯಿಂದ ಜಾರಿಗೆ ಬಂದಿದೆ. ಹತ್ತನೆಯದರಲ್ಲಿ ಎ 98.2 ಎಂಬ ಅಂಕಿಯ ಎದುರಿಗೆ ‘ಕ್ಯಾಸನೂರು ಕಾಡಿನ ಕಾಯಿಲೆ’ ಎಂದಿದೆ. ನಾವು ಮಂಗನ ಕಾಯಿಲೆ ಎನ್ನುವುದು ಅದನ್ನೇ. 1957ರಲ್ಲಿ ಸೊರಬದ ಕಡೆ ಕಾಣಿಸಿಕೊಂಡ ಜ್ವರದಿಂದಾಗಿ ನಮ್ಮ ಮಲೆನಾಡಿನ ಕಾಡೊಂದರ ಹೆಸರು ಲೋಕದ ಪಟ್ಟಿಯನ್ನು ಸೇರಿತು.

ಮಂಡಿಯ ಮಾತಿಗೆ ಬರೋಣ. ಊತವೆಂಬುದು ಲಕ್ಷಣವೇ ಹೊರತು ರೋಗವಲ್ಲ. ಕೀಲಿನ ಒಳಗೇ ದ್ರವ ಶೇಖರವಾದರೆ ಅದು ಎಂ 25.4. ಮಂಡಿಯೂರಿ ಕೆಲಸ ಮಾಡುವವರಿಗೆ ಚಿಪ್ಪಿನ ಮುಂದಿರುವ ಪುಟ್ಟ ಚೀಲ ಉಬ್ಬಿದರೆ ಎಂ 70.4. ಮಂಡಿಯ ಹಿಂದಿನ ಗುಳಿಯಲ್ಲಿ ಗಂಟು ಕಟ್ಟಿದರೆ ಎಂ 71.2. ದೂರದಿಂದ ನೋಡುವವನಿಗೆ ಮೂರೂ ‘ಊದಿದ ಮಂಡಿ’ಯೇ. ಇನ್ನು ಕೀಲಿನೊಳಗಿನ ದ್ರವವನ್ನು ಸೂಜಿಯಿಂದ ಹೊರತೆಗೆದು ಬೆಳಕಿಗೆ ಹಿಡಿದರೆ ಬೇರೆಯೇ ಕಥೆ ಬಿಚ್ಚಿಕೊಳ್ಳುತ್ತದೆ. ಹುಲ್ಲಿನ ಬಣ್ಣದ ತಿಳಿ ದ್ರವವಾದರೆ ಕೀಲಿನ ಸವೆತವಿರಬಹುದು. ರಕ್ತವೇ ಬಂದರೆ, ಬಿದ್ದವನಿಗೆ ಒಳಗಿನ ತಂತುವೊಂದು ಹರಿದಿರಬಹುದು, ಮೂಳೆ ಬಿರಿದಿರಬಹುದು; ಬೀಳದೆಯೇ ರಕ್ತ ತುಂಬಿದ ಹುಡುಗನಲ್ಲಿ ಕುಸುಮರೋಗವನ್ನು ನೆನೆಯಬೇಕು. ದ್ರವ ಕದಡಿದ್ದರೆ ಎಚ್ಚರ. ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಸೂಜಿಯಾಕಾರದ ಯೂರಿಕ್ ಆಮ್ಲದ ಹರಳುಗಳು ಕಂಡರೆ ಅದು ಗೌಟ್. ಒಂದು ಘನ ಮಿಲಿಮೀಟರಿನಲ್ಲಿ ಬಿಳಿಯ ರಕ್ತಕಣಗಳು 50,000 ಮೀರಿದ್ದರೆ ಕೀಲಿನಲ್ಲಿ ಕೀವಾಗಿದೆ ಎಂಬ ಶಂಕೆ ಬಲವಾಗುತ್ತದೆ. ಕೀವು ಕೆಲವೇ ದಿನಗಳಲ್ಲಿ ಮೃದ್ವಸ್ಥಿಯನ್ನು ತಿಂದುಹಾಕಬಲ್ಲದು.

ಇಷ್ಟನ್ನೂ ಕಂಡುಕೊಂಡ ಮೇಲೆ ವೈದ್ಯರು ಕೇಸ್ ಶೀಟಿನಲ್ಲಿ ಏನು ಬರೆಯುತ್ತಾರೆ? ಅನೇಕ ವೇಳೆ, ‘ಮಂಡಿಯ ಊತ’ ಎಂದು ಎರಡೇ ಪದ. ಹೊರಗೆ ಇನ್ನೂ ನಲವತ್ತು ಜನ ಕಾದಿರುವಾಗ ಅವರನ್ನು ದೂರುವುದೂ ಕಷ್ಟ. ಆದರೆ ಆ ಹಾಳೆ ಮುಂದೆ ಹೋಗುವುದು ಸಂಕೇತಾಂಕ ಹಾಕುವವನ ಮೇಜಿಗೆ. ಆಸ್ಪತ್ರೆಯ ಭಾಷೆಯಲ್ಲಿ ಅವನು ಕೋಡರ್. ಅಮೆರಿಕದ ಆಸ್ಪತ್ರೆಗಳ ಹಾಳೆಗಳಿಗೆ ಹೀಗೆ ಅಂಕಿ ಹಾಕುವ ತರುಣ ತರುಣಿಯರು ಬೆಂಗಳೂರಿನಲ್ಲಿಯೇ ಬಹಳ ಮಂದಿ ಇದ್ದಾರೆ. ಅವರು ರೋಗಿಯನ್ನು ನೋಡಿದವರಲ್ಲ; ಅವರ ಪಾಲಿಗೆ ರೋಗಿಯೆಂದರೆ ಅವನ ಕುರಿತು ಬರೆದ ವಾಕ್ಯ, ಅಷ್ಟೇ. ಬರೆಯದಿದ್ದುದನ್ನು ಊಹಿಸುವ ಅಧಿಕಾರ ಅವರಿಗಿಲ್ಲ. ಕೀವಿನ ವರದಿ ಅದೇ ಕಡತದಲ್ಲಿ ಇದ್ದರೂ, ವೈದ್ಯರು ರೋಗದ ಹೆಸರನ್ನು ತಾವೇ ಬರೆಯದಿದ್ದರೆ ಕೋಡರ್ ಅದನ್ನು ತೀರ್ಮಾನಿಸುವಂತಿಲ್ಲ. ವೈದ್ಯರನ್ನು ಕೇಳಬಹುದು, ಅಷ್ಟೆ. ಅವರ ಸೂಚಿಯಲ್ಲಿ ಕೀಲಿನ ‘ಊತ’ವನ್ನು ಹುಡುಕಿದರೆ ‘ಕೀಲಿನ ದ್ರವಸಂಚಯವನ್ನು ನೋಡಿ’ ಎಂದಿರುತ್ತದೆ. ಹೀಗೆ ವೈದ್ಯರು ನೀರಿದೆಯೆಂದು ಹೇಳದಿದ್ದರೂ ಪುಸ್ತಕ ನೀರು ತುಂಬಿಸಿಬಿಡುತ್ತದೆ! ಅಮೆರಿಕದ ಪಟ್ಟಿಯಲ್ಲಿ ಈ ಸಂಕೇತದ ಕೊನೆಯ ಅಂಕಿ ಬಲಮಂಡಿಗೆ 1, ಎಡಮಂಡಿಗೆ 2. ಯಾವುದೆಂದು ಬರೆಯದಿದ್ದರೆ 9. ಎಡವೂ ಅಲ್ಲದ ಬಲವೂ ಅಲ್ಲದ ಮಂಡಿ ಯಾವ ಮನುಷ್ಯನಿಗೂ ಇಲ್ಲ, ಕಾಗದದ ಮೇಲೆ ಮಾತ್ರ ಉಂಟು.

ಸಂದೇಹದ ವಿಷಯದಲ್ಲಿ ಆ ದೇಶದ ನಿಯಮ ಕುತೂಹಲಕರವಾಗಿದೆ. ಹೊರರೋಗಿಯ ಹಾಳೆಯಲ್ಲಿ ‘ಗೌಟ್ ಇರಬಹುದು’ ಎಂದಿದ್ದರೆ ಗೌಟಿನ ಅಂಕಿ ಹಾಕಕೂಡದು. ಖಚಿತವಾಗಿ ತಿಳಿದಷ್ಟಕ್ಕೆ, ಎಂದರೆ ಲಕ್ಷಣಕ್ಕೆ, ನಿಲ್ಲಬೇಕು. ನನಗೆ ಇದು ವಿವೇಕದ ನಿಯಮವಾಗಿಯೇ ಕಾಣುತ್ತದೆ. ತಿಳಿಯದಿದ್ದಾಗ ‘ಊತ’ ಎಂದು ಬರೆಯುವುದು ಪ್ರಾಮಾಣಿಕತೆ. ತಿಳಿದ ಮೇಲೂ ಹಾಗೆಯೇ ಬರೆದರೆ ಅದನ್ನು ಏನೆಂದು ಕರೆಯೋಣ?

ನಮ್ಮ ದೇಶದಲ್ಲಿ ಇದರ ಬೆಲೆ ತೆರುವವರು ಯಾರೆಂಬುದನ್ನು ಮಂಡಿಯ ಕ್ಷಯದಲ್ಲಿ ಕಾಣಬಹುದು. ಅದು ಸದ್ದಿಲ್ಲದೆ ಬರುವ ರೋಗ. ಸಾಮಾನ್ಯವಾಗಿ ಒಂದೇ ಮಂಡಿ, ಹೆಚ್ಚು ಕೆಂಪಿಲ್ಲ, ಸುಡುವಂಥ ಬಿಸಿಯಿಲ್ಲ. ತಿಂಗಳುಗಟ್ಟಲೆ ಊತ, ಸವೆಯುತ್ತ ಹೋಗುವ ತೊಡೆ. ಮೊದಮೊದಲು ಎಕ್ಸ್‌ರೇಯಲ್ಲಿಯೂ ವಿಶೇಷ ಕಾಣದಿರಬಹುದು. ಶಾಲೆಗೆ ಹೋಗುವ ಹುಡುಗನೊಬ್ಬನಿಗೆ ಹೀಗಾಯಿತೆಂದು ಇಟ್ಟುಕೊಳ್ಳಿ. ತಂದೆ ಅವನನ್ನು ಮೂರು ಕಡೆ ತೋರಿಸುತ್ತಾನೆ. ಮೂರು ಕಡೆಯೂ ‘ಮಂಡಿಯ ಊತ’ ಎಂದು ಬರೆದು ನೋವಿನ ಮಾತ್ರೆ ಕೊಡುತ್ತಾರೆ. ಮೂರನೆಯವರಿಗೆ ಮೊದಲಿನ ಇಬ್ಬರ ಹಾಳೆ ಸಿಕ್ಕರೂ ಪ್ರಯೋಜನವಿಲ್ಲ: ಎಷ್ಟು ದಿನದಿಂದ, ಯಾವ ಮಂಡಿ, ದ್ರವ ತೆಗೆದರೇ, ತೆಗೆದಿದ್ದರೆ ಹೇಗಿತ್ತು, ಒಂದೂ ಅದರಲ್ಲಿಲ್ಲ. ಲೆಕ್ಕದಲ್ಲಿ ಮೂರು ಊದಿದ ಮಂಡಿಗಳು ಸೇರುತ್ತವೆ. ಕ್ಷಯರೋಗಿ ಒಬ್ಬನೂ ಇಲ್ಲ. ಕ್ಷಯದ ಪ್ರತಿಯೊಂದು ಪ್ರಕರಣವನ್ನೂ ಸರ್ಕಾರಕ್ಕೆ ತಿಳಿಸಬೇಕೆಂದು 2012ರಲ್ಲಿಯೇ ಆಜ್ಞೆಯಾಗಿದೆ. ಆದರೆ ಹೆಸರೇ ಇಡದ ರೋಗವನ್ನು ತಿಳಿಸುವುದೆಂತು?

ಕಡೆಗೆ ಯಾರೋ ಒಬ್ಬರು ಕೀಲಿನ ಒಳಪೊರೆಯ ಚೂರನ್ನು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಕ್ಷಯಾಣುವನ್ನು ಬೆಳೆಸಿ ನೋಡುವ ಪರೀಕ್ಷೆಗೆ ಆರರಿಂದ ಎಂಟು ವಾರಗಳೇ ಹಿಡಿಯಬಹುದು. ಅಷ್ಟರಲ್ಲಿ ಹುಡುಗ ಊರು ಸೇರಿರುತ್ತಾನೆ, ಡಿಸ್ಚಾರ್ಜ್ ಚೀಟಿಯಲ್ಲಿ ‘ಊತ’ ಎಂದೇ ಬರೆದು ಕಡತ ಕಟ್ಟಿ ಇಟ್ಟಿರುತ್ತಾರೆ. ವರದಿ ಬಂದ ದಿನ ಆ ಕಟ್ಟನ್ನು ಬಿಚ್ಚಿ, ಹಳೆಯ ಸಾಲಿನ ಕೆಳಗೆ ಹೊಸ ಸಾಲು ಬರೆದು, ತಾರೀಖು ಹಾಕಿ ರುಜು ಮಾಡುವ ಕೈಯೊಂದು ಬೇಕು. ಆಗ ಎಂ 25.4 ಇದ್ದಲ್ಲಿ ಎ 18.0 ಬರುತ್ತದೆ, ಜಿಲ್ಲೆಯ ಕ್ಷಯ ಅಧಿಕಾರಿಗೆ ಸುದ್ದಿ ಹೋಗುತ್ತದೆ, ಹುಡುಗನನ್ನು ಹುಡುಕಿಕೊಂಡು ಆ ಊರಿಗೆ ಯಾರಾದರೂ ಹೊರಡುತ್ತಾರೆ.