ಕಲ್ನಾರಿನ ಧೂಳು, ಕಾಗದದ ಬಲ





ಇವತ್ತು ನಾವು ಒಂದು ಧೂಳಿನ ವಿಷಯ ಮಾತಾಡೋಣ. ಧೂಳು ನಿಮಗೆ ಹೊಸದಲ್ಲ. ಕಸ ಗುಡಿಸಿದರೆ ಧೂಳು. ರಾಗಿ ಕೇರಿದರೆ ಧೂಳು. ಸೀನು ಬರುತ್ತೆ, ಕೆಮ್ಮು ಬರುತ್ತೆ, ಆಮೇಲೆ ಹೋಗುತ್ತೆ. ಆದರೆ ಈ ಧೂಳು ಹಾಗಲ್ಲ. ಇದು ಎದೆಯೊಳಗೆ ಹೋದರೆ ಅಲ್ಲೇ ಉಳಿದುಬಿಡುತ್ತೆ. ಇದರ ಹೆಸರು ಕಲ್ನಾರು. ಆಸ್ಬೆಸ್ಟಾಸ್ ಅಂತಲೂ ಹೇಳ್ತಾರೆ.

ಕಲ್ನಾರು ಅಂದರೆ ಏನು?

ಹೆಸರಿನಲ್ಲೇ ಅರ್ಥ ಇದೆ. ಕಲ್ಲಿನ ನಾರು. ಕತ್ತಾಳೆಯಿಂದ ನಾರು ಬಿಡಿಸುವ ಹಾಗೆ ಈ ಕಲ್ಲಿನಿಂದಲೂ ನಾರು ಬಿಡಿಸಬಹುದು. ಈ ನಾರು ಬೆಂಕಿಗೆ ಸುಡೋದಿಲ್ಲ. ನೀರಿಗೆ ಕೊಳೆಯೋದಿಲ್ಲ. ಅದಕ್ಕೇ ಇದನ್ನು ಸಿಮೆಂಟಿನ ಜೊತೆ ಕಲಸಿ ಚಾವಣಿಯ ಶೀಟು ಮಾಡಿದರು. ನೀರಿನ ಪೈಪು ಮಾಡಿದರು. ಬಸ್ಸು, ಲಾರಿಗಳ ಬ್ರೇಕಿಗೆ ಹಾಕಿದರು. ಬಾಯ್ಲರಿಗೆ ಸುತ್ತಿದರು.

ಬೂದು ಬಣ್ಣದ ಎಲ್ಲಾ ಶೀಟಿನಲ್ಲೂ ಕಲ್ನಾರು ಇರುತ್ತೆ ಅಂತ ಅಲ್ಲ. ಆದರೆ ಹಳೆಯ ಸಿಮೆಂಟ್ ಶೀಟುಗಳಲ್ಲಿ ಸಾಮಾನ್ಯವಾಗಿ ಇರುತ್ತೆ.

ನಿಮ್ಮ ಮನೆಗೂ ಶೀಟು ಇದೆಯೇ? ಗಾಬರಿ ಬೇಡ. ಗಟ್ಟಿಯಾಗಿರುವ ಶೀಟಿನಿಂದ ಅಪಾಯ ಕಡಿಮೆ. ಅದನ್ನು ಕೊಯ್ದಾಗ, ತೂತು ಕೊರೆದಾಗ, ಒಡೆದಾಗ ನಾರು ಗಾಳಿಗೆ ಏಳುತ್ತೆ. ಆ ನಾರು ಕೂದಲಿಗಿಂತ ಎಷ್ಟೋ ಸಣ್ಣದು. ಕಣ್ಣಿಗೆ ಕಾಣೋದಿಲ್ಲ. ಮೂಗಿಗೆ ಸೆರಗು ಕಟ್ಟಿಕೊಂಡರೂ ಒಳಗೆ ನುಗ್ಗುತ್ತೆ.

ಯಾವ ರೋಗ ಬರುತ್ತೆ?

ಮುಖ್ಯವಾಗಿ ಮೂರು ರೋಗ.

ಒಂದು, ಆಸ್ಬೆಸ್ಟೋಸಿಸ್. ನಾರು ಹೊಕ್ಕ ಕಡೆ ಶ್ವಾಸಕೋಶ ಗಾಯದ ಕಲೆಯ ಹಾಗೆ ಗಟ್ಟಿಯಾಗುತ್ತೆ. ಉಸಿರು ಎಳೆದರೂ ಸಾಲದು. ಹಾಳಾದ ಭಾಗ ಮತ್ತೆ ಸರಿಹೋಗೋದಿಲ್ಲ.

ಎರಡು, ಶ್ವಾಸಕೋಶದ ಕ್ಯಾನ್ಸರ್. ಬೀಡಿ, ಸಿಗರೇಟು ಸೇದುವವರಿಗೆ ಕಲ್ನಾರಿನ ಧೂಳೂ ಸೇರಿದರೆ ಈ ಅಪಾಯ ಬಹಳ ಹೆಚ್ಚು.

ಮೂರು, ಶ್ವಾಸಕೋಶದ ಸುತ್ತ ಇರುವ ತೆಳು ಪೊರೆಯ ಕ್ಯಾನ್ಸರ್. ಇದಕ್ಕೆ ಮೀಸೊಥೀಲಿಯೋಮ ಅಂತ ಹೆಸರು.

ಇವು ಯಾವುವೂ ನಾಳೆಯೇ ಬರೋದಿಲ್ಲ. ಹತ್ತು ವರ್ಷ, ಇಪ್ಪತ್ತು ವರ್ಷ, ಕೆಲವರಿಗೆ ನಲವತ್ತು ವರ್ಷ ಆದಮೇಲೆ ಬರುತ್ತವೆ. ಅಷ್ಟರಲ್ಲಿ ಕೆಲಸ ಬಿಟ್ಟಿರುತ್ತಾರೆ. ಮೇಸ್ತ್ರಿ ಎಲ್ಲಿದ್ದಾನೋ ಗೊತ್ತಿರೋದಿಲ್ಲ. ಫ್ಯಾಕ್ಟರಿ ಮುಚ್ಚಿರಬಹುದು. ಧೂಳು ಕುಡಿದವರಿಗೇ ಅದು ಮರೆತುಹೋಗಿರುತ್ತೆ. ಕಷ್ಟ ಇರುವುದು ಇಲ್ಲೇ.

ಕೆಲಸಕ್ಕೆ ಹೋಗದ ಹೆಂಗಸರಿಗೂ ಬರುತ್ತೆಯೇ?

ಬರಬಹುದು. 1965ರಲ್ಲಿ ಲಂಡನ್ನಿನ ಇಬ್ಬರು ಸಂಶೋಧಕರು ಪೊರೆಯ ಕ್ಯಾನ್ಸರ್ ಬಂದವರ ವಿಚಾರಣೆ ಮಾಡಿ ಬರೆದರು. ಅವರಲ್ಲಿ ಕಲ್ನಾರಿನ ಕೆಲಸವನ್ನೇ ಮಾಡದ ಹೆಂಗಸರೂ ಇದ್ದರು. ಅವರು ಗಂಡಂದಿರ ಕೆಲಸದ ಬಟ್ಟೆ ಒಗೆದಿದ್ದರು, ಅಷ್ಟೇ. ಬಟ್ಟೆ ಒದರಿದಾಗ ಎದ್ದ ಧೂಳು ಅವರ ಎದೆ ಸೇರಿತ್ತು.

ನೆಲ್ಲಿ ಕೆರ್ಶಾ ಎಂಬ ಹೆಂಗಸಿನ ಕಥೆ

ಇಂಗ್ಲೆಂಡಿನಲ್ಲಿ ರೋಚ್‌ಡೇಲ್ ಅಂತ ಒಂದು ಊರು. ಅಲ್ಲಿ ನೆಲ್ಲಿ ಕೆರ್ಶಾ ಅಂತ ಒಬ್ಬ ಹೆಂಗಸು. ಚಿಕ್ಕ ವಯಸ್ಸಿಗೇ ಮಿಲ್ಲಿನ ಕೆಲಸಕ್ಕೆ ಸೇರಿದಳು. ಹತ್ತಿ ನೂಲುವ ಹಾಗೆ ಕಲ್ನಾರನ್ನು ನೂಲುವ ಕೆಲಸ. ಮೂವತ್ತರ ಆಸುಪಾಸಿನಲ್ಲೇ ಉಸಿರು ಕಟ್ಟತೊಡಗಿತು. 1922ರಲ್ಲಿ ಡಾಕ್ಟರು ಇದು ಕಲ್ನಾರಿನಿಂದ ಬಂದ ಕಾಯಿಲೆ ಅಂತ ಬರೆದುಕೊಟ್ಟರು.

ನೆಲ್ಲಿ ವಿಮೆಯವರನ್ನು ಕೇಳಿದಳು. ಇದು ಕೆಲಸದಿಂದ ಬಂದ ರೋಗ, ಮಿಲ್ಲಿನವರನ್ನೇ ಕೇಳು ಅಂದರು. ಮಿಲ್ಲಿನವರನ್ನು ಕೇಳಿದಳು. ಈ ರೋಗದ ಹೆಸರು ಕಾನೂನಿನ ಪಟ್ಟಿಯಲ್ಲಿ ಇಲ್ಲ, ನಾವು ಕೊಡೋದಿಲ್ಲ ಅಂದರು. ಎರಡು ಬಾಗಿಲೂ ಮುಚ್ಚಿದವು. 1924ರ ಮಾರ್ಚ್ 14ರಂದು ನೆಲ್ಲಿ ತೀರಿಕೊಂಡಳು. ಆಗ ಅವಳಿಗೆ 33 ವರ್ಷ. ಮಣ್ಣು ಮಾಡುವ ಖರ್ಚಿಗೂ ಮಿಲ್ಲಿನವರು ಹಣ ಕೊಡಲಿಲ್ಲ.

ಆದರೆ ಒಂದು ಕೆಲಸ ಆಯಿತು. ಡಾಕ್ಟರ್ ವಿಲಿಯಂ ಕುಕ್ ಅವಳ ಶ್ವಾಸಕೋಶ ಪರೀಕ್ಷೆ ಮಾಡಿದರು. ಕಂಡದ್ದನ್ನು ವೈದ್ಯರ ಪತ್ರಿಕೆಯಲ್ಲಿ ಬರೆದರು. ಆಮೇಲೆ ಸರ್ಕಾರ ತನಿಖೆ ಮಾಡಿಸಿತು. 1931ರಲ್ಲಿ ಧೂಳು ತಡೆಯುವ ನಿಯಮ ಬಂತು. ಬರವಣಿಗೆಗೆ ಇರುವ ಬಲ ನೋಡಿ. ನೆಲ್ಲಿಗೆ ಅದು ತಡವಾಯಿತು. ನಮಗೆ ತಡವಾಗಬಾರದು.

ನಮ್ಮ ದೇಶದಲ್ಲಿ ಏನಿದೆ?

ಅರವತ್ತಕ್ಕೂ ಹೆಚ್ಚು ದೇಶಗಳು ಕಲ್ನಾರನ್ನು ನಿಷೇಧಿಸಿವೆ. ಇಂಗ್ಲೆಂಡ್ 1999ರಲ್ಲಿ ನಿಷೇಧಿಸಿತು. ನಮ್ಮಲ್ಲಿ ಪೂರ್ತಿ ನಿಷೇಧ ಇಲ್ಲ. ಹೊರದೇಶದಿಂದ ತರಿಸಿ ಶೀಟು ಮಾಡುತ್ತಾರೆ.

ಆದರೆ ಹಕ್ಕು ಇದೆ. ಅಹಮದಾಬಾದಿನ ಒಂದು ಗ್ರಾಹಕರ ಸಂಸ್ಥೆ ಕಲ್ನಾರು ಕಾರ್ಮಿಕರ ಪರವಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. 1995ರ ಜನವರಿ 27ರಂದು ತೀರ್ಪು ಬಂತು. ಕೆಲಸಗಾರರ ಆರೋಗ್ಯ ಅವರ ಮೂಲಭೂತ ಹಕ್ಕು ಅಂತ ಕೋರ್ಟು ಹೇಳಿತು. ಪ್ರತಿ ಕೆಲಸಗಾರರ ಆರೋಗ್ಯದ ದಾಖಲೆಯನ್ನು ಫ್ಯಾಕ್ಟರಿಯವರು ಇಡಬೇಕು. ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಕೊನೆಗೆ ಬರುತ್ತೋ ಅಲ್ಲಿಯವರೆಗೆ ಇಡಬೇಕು. ಆ ಮೊಕದ್ದಮೆಯಲ್ಲಿ, ಆಸ್ಬೆಸ್ಟೋಸಿಸ್ ಇದೆ ಅಂತ ಖಚಿತವಾದ ಕೆಲಸಗಾರರಿಗೆ ತಲಾ 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತಲೂ ಹೇಳಿತು.

ಇನ್ನೊಂದು ಮಾತು. ನೆಲ್ಲಿಯ ಕಾಲದಲ್ಲಿ ಪಟ್ಟಿಯಲ್ಲಿ ಇಲ್ಲದ ಹೆಸರು ಈಗ ನಮ್ಮ ಕಾನೂನಿನ ಪಟ್ಟಿಯಲ್ಲಿ ಇದೆ. ಕಾರ್ಮಿಕರ ಪರಿಹಾರದ ಹಳೆಯ ಕಾಯಿದೆ, ಇ.ಎಸ್.ಐ. ಕಾಯಿದೆ ಎರಡೂ ಈಗ ಸಾಮಾಜಿಕ ಭದ್ರತಾ ಸಂಹಿತೆ, 2020 ಎಂಬ ಒಂದೇ ಕಾಯಿದೆಯಲ್ಲಿ ಸೇರಿವೆ. ಅದು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಕೆಲಸದಿಂದ ಬರುವ ರೋಗಗಳ ಪಟ್ಟಿ ಅದರಲ್ಲಿದೆ. ಆಸ್ಬೆಸ್ಟೋಸಿಸ್ ಆ ಪಟ್ಟಿಯಲ್ಲಿದೆ.

ಹಾಗಾದರೆ ನಾವು ಏನು ಮಾಡಬೇಕು?

ಒಂದು: ಡಾಕ್ಟರಿಗೆ ಹಳೆಯ ಕೆಲಸ ಹೇಳಿ. ಏರು ಹತ್ತಿದರೆ ಏದುಸಿರು, ಬಿಡದ ಒಣ ಕೆಮ್ಮು, ಎದೆನೋವು, ತೂಕ ಇಳಿಯುವುದು, ಇವು ಕಂಡರೆ ತಡ ಮಾಡಬೇಡಿ. ಕ್ಷಯಕ್ಕೂ ಕೆಮ್ಮು ಇರುತ್ತೆ. ಆದ್ದರಿಂದ ಕಫದ ಪರೀಕ್ಷೆ ಮಾಡಿಸಿ. ಜೊತೆಗೆ, "ಇಂಥ ವರ್ಷ ಶೀಟಿನ ಫ್ಯಾಕ್ಟರಿಯಲ್ಲಿ ಇದ್ದೆ" ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ಎದೆಯ ಎಕ್ಸ್‌ರೇ, ಉಸಿರಿನ ಪರೀಕ್ಷೆ ಬೇಕಾಗುತ್ತೆ. ರೋಗದ ಹೆಸರನ್ನು ಬರೆಸಿಕೊಳ್ಳಿ.

ಎರಡು: ಕಾಗದ ಜೋಪಾನ ಮಾಡಿ. ಸಂಬಳದ ಚೀಟಿ, ಇ.ಎಸ್.ಐ. ಕಾರ್ಡು, ಫ್ಯಾಕ್ಟರಿಯ ಗುರುತಿನ ಚೀಟಿ, ಎಕ್ಸ್‌ರೇ, ಆಸ್ಪತ್ರೆಯ ಚೀಟಿ, ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಡಿ. ಒಲೆ ಹಚ್ಚಲು ಹಳೆಯ ಕಾಗದ ತೆಗೆಯುವ ಮುಂಚೆ ಒಮ್ಮೆ ಓದಿ ನೋಡಿ.

ಮೂರು: ಕಾಗದವೇ ಇಲ್ಲವೇ? ಕಂಟ್ರಾಕ್ಟರು ಕೂಲಿಗೆ ಚೀಟಿ ಕೊಡಲಿಲ್ಲವೇ? ನೀವೇ ಬರೆದಿಡಿ. ಯಾವ ಊರು, ಯಾವ ಫ್ಯಾಕ್ಟರಿ, ಯಾವ ಮೇಸ್ತ್ರಿ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಏನು ಕೆಲಸ, ಜೊತೆಯಲ್ಲಿ ಯಾರು ಇದ್ದರು. ಜೊತೆಗಿದ್ದವರು ನಾಳೆ ಸಾಕ್ಷಿ ಹೇಳಬಹುದು.

ನಾಲ್ಕು: ಅರ್ಜಿ ಹಾಕಿ. ಇ.ಎಸ್.ಐ. ಇದ್ದವರು ಇ.ಎಸ್.ಐ. ಕಚೇರಿಗೆ ಹೋಗಬೇಕು. ಇಲ್ಲದವರು ಮಾಲೀಕರಿಂದ ಪರಿಹಾರ ಕೇಳಬಹುದು. ದಾರಿ ತಿಳಿಯಲು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ಕೆಲಸಗಾರ ತೀರಿಕೊಂಡಿದ್ದರೆ ಹೆಂಡತಿ, ಮಕ್ಕಳು ಕೇಳಬಹುದು. ಅರ್ಜಿಗೆ ಗಡುವು ಇರುತ್ತೆ. ಆದ್ದರಿಂದ ರೋಗದ ಹೆಸರು ಗೊತ್ತಾದ ಕೂಡಲೇ ಹೋಗಿ.

ಐದು: ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ಮನೆ ಕೂರಬೇಡಿ. ಹೆಂಗಸರಿಗೆ ಉಚಿತವಾಗಿ ವಕೀಲರನ್ನು ಕೊಡಬೇಕು ಅಂತ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ಹೇಳುತ್ತೆ. ಇದಕ್ಕೆ ಆದಾಯದ ಮಿತಿ ಇಲ್ಲ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತೆ. 15100 ನಂಬರಿಗೆ ಫೋನ್ ಮಾಡಿಯೂ ಕೇಳಬಹುದು. ಬಟ್ಟೆ ಒಗೆದು ರೋಗ ತಗುಲಿದ ಹೆಂಡತಿ ಫ್ಯಾಕ್ಟರಿಯ ಕೆಲಸಗಾರಳಲ್ಲ. ಕಾರ್ಮಿಕರ ಪರಿಹಾರ ಅವಳಿಗೆ ಸಿಗೋದಿಲ್ಲ. ಅವಳು ಸಿವಿಲ್ ಕೋರ್ಟಿನಲ್ಲಿ ನಷ್ಟ ಕೇಳಬೇಕಾಗುತ್ತೆ. ಅಂಥವರು ಮೊದಲು ಈ ಸಮಿತಿಯ ವಕೀಲರ ಹತ್ತಿರವೇ ಹೋಗಬೇಕು.

ಇನ್ನು ಮುಂದೆ ಧೂಳು ಕುಡಿಯದ ಹಾಗೆ

ಹಳೆಯ ಶೀಟನ್ನು ಒಡೆಯಬೇಡಿ, ಕೊಯ್ಯಬೇಡಿ. ಇಳಿಸಲೇಬೇಕಾದರೆ ನೀರು ಹಾಕಿ ನೆನೆಸಿ, ಇಡಿಯಾಗಿ ಇಳಿಸಲು ಹೇಳಿ. ಚೂರು ಬಿದ್ದರೆ ಒಣಗಿದ್ದಾಗ ಗುಡಿಸಬೇಡಿ. ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ತೆಗೆಯಿರಿ. ಮಕ್ಕಳನ್ನು ದೂರ ಇಡಿ. ಕೆಲಸದ ಬಟ್ಟೆಯನ್ನು ಫ್ಯಾಕ್ಟರಿಯಲ್ಲೇ ಬಿಟ್ಟು ಬರಲು ಮನೆಯವರಿಗೆ ಹೇಳಿ. ಬಟ್ಟೆ ಒಗೆಯುವ ಏರ್ಪಾಡು ಮಾಡುವುದು ಮಾಲೀಕರ ಜವಾಬ್ದಾರಿ ಅಂತ ಕೇಳಿ. ಮನೆಗೆ ತಂದರೆ ಒದರಬೇಡಿ. ನೀರಿನಲ್ಲಿ ಅದ್ದಿ, ಬೇರೆಯಾಗಿ ಒಗೆಯಿರಿ.

ಅಕ್ಕಂದಿರೇ, ಓದು ಕಲಿತು ಏನು ಮಾಡ್ತೀರಿ ಅಂತ ಕೆಲವರು ನಿಮ್ಮನ್ನು ಕೇಳ್ತಾರೆ. ಬಸ್ಸಿನ ಬೋರ್ಡು ಓದ್ತೀವಿ ಅಂತ ನೀವು ಹೇಳ್ತೀರಿ. ಇನ್ನು ಮೇಲೆ ಆಸ್ಪತ್ರೆಯ ಚೀಟಿಯನ್ನೂ ಓದಿ. ನೀವು ಪಟ್ಟ ದುಡಿಮೆಯನ್ನು ನೀವೇ ಬರೆದಿಡಿ. ಈ ವಾರ ಎಲ್ಲರೂ ನೋಟ್ ಬುಕ್ಕಿನಲ್ಲಿ ಒಂದು ಪುಟ ಬರೆದು ತನ್ನಿ: ನಾನು ಎಲ್ಲೆಲ್ಲಿ, ಯಾವ ವರ್ಷ, ಏನು ಕೆಲಸ ಮಾಡಿದೆ. ಮನೆಯವರ ಕೆಲಸವನ್ನೂ ಕೇಳಿ ಬರೆಯಿರಿ. ತಪ್ಪಿದ್ದರೆ ಕೂಡಿ ತಿದ್ದೋಣ.