ಪಹಣಿಯಲ್ಲಿ ಯಾರ ಹೆಸರು?



2020ರ ಸೆಪ್ಟೆಂಬರ್ 20, ಆದಿತ್ಯವಾರ. ನೆನಪು ಉಂಟಲ್ಲ? ಮಳೆ ನಿಲ್ಲಲೇ ಇಲ್ಲ. ಸ್ವರ್ಣಾ ನದಿ ಉಕ್ಕಿತು. ಉಡುಪಿ ಪೇಟೆಗೂ ನೀರು ನುಗ್ಗಿತು. ಬಯಲು ಗದ್ದೆಗಳು ಕೆರೆಯ ಹಾಗೆ ಕಂಡವು. ತೆನೆ ಬರುವ ಪೈರು ನೀರಿನಡಿ ಹೋಯಿತು.

ಆ ಪೈರು ನೆಟ್ಟವರು ಯಾರು? ಕಳೆ ಕಿತ್ತವರು ಯಾರು? ನಾವೇ. ಹಾಗಾದರೆ ಪರಿಹಾರದ ಹಣ ಯಾರಿಗೆ ಬರುತ್ತದೆ? ಇವತ್ತು ಅದನ್ನೇ ಮಾತಾಡುವ.

ನನಗೆ ಗೊತ್ತಿರುವ ಒಬ್ಬ ಅಕ್ಕ ಇದ್ದಾರೆ. ಗಂಡ ತೀರಿಹೋಗಿದ್ದಾರೆ. 50 ಸೆಂಟ್ಸ್ ಗದ್ದೆ ಉಂಟು. ನೆರೆಗೆ ಪೈರು ಕೊಳೆಯಿತು. ಅರ್ಜಿ ಕೊಟ್ಟರು. ಹಣ ಬರಲಿಲ್ಲ. ಪಹಣಿ ತೆಗೆಸಿ ನೋಡಿದರೆ ಅದರಲ್ಲಿ ಮಾವನ ಹೆಸರು! ಮಾವ ತೀರಿ ಎಷ್ಟೋ ವರ್ಷವಾಗಿತ್ತು. "ನಾನು ಬೇಸಾಯ ಮಾಡುವುದು ಊರಿಗೆಲ್ಲ ಗೊತ್ತು. ಕಾಗದಕ್ಕೆ ಗೊತ್ತಿಲ್ಲ" ಎಂದರು.

ಈ ಹಣ ಭಿಕ್ಷೆ ಅಲ್ಲ. ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ ಬರುತ್ತದೆ. ಆ ನಿಧಿಯ 100 ರೂಪಾಯಿಯಲ್ಲಿ 75 ಕೇಂದ್ರದ್ದು, 25 ರಾಜ್ಯದ್ದು. ಎಲ್ಲ ಜನರ ತೆರಿಗೆಯ ಹಣ.

ಆದರೆ ಇದು ಬೆಳೆಯ ಪೂರ್ತಿ ಬೆಲೆಯೂ ಅಲ್ಲ. ಮತ್ತೆ ಬಿತ್ತಲು, ಗೊಬ್ಬರ ಹಾಕಲು ಕೊಡುವ ಸಹಾಯ. ನೂರಕ್ಕೆ 33 ಪಾಲು ಬೆಳೆಯಾದರೂ ಹಾಳಾಗಿರಬೇಕು. ಅಂದರೆ ಮೂರು ಮುಡಿ ಅಕ್ಕಿ ಸಿಗುವಲ್ಲಿ ಒಂದು ಮುಡಿ ಹೋಗಿರಬೇಕು.

2020ರಲ್ಲಿ ಮಳೆಯ ನೀರಿನ ಬೆಳೆಗೆ ಹೆಕ್ಟೇರಿಗೆ 6,800 ರೂಪಾಯಿ ಇತ್ತು. 2022ರ ನಿಯಮದಲ್ಲಿ ಅದು 8,500 ಆಯಿತು. ಕಾರ್ಕಳ ಕಡೆಯ ಅಡಿಕೆಯಂಥ ತೋಟದ ಬೆಳೆಗೆ 22,500 ಆಯಿತು. ಹೆಕ್ಟೇರು ಎಂದರೆ ಸುಮಾರು ಎರಡೂವರೆ ಎಕರೆ. ಲೆಕ್ಕ ಹಾಕುವ. 8,500ರ ಲೆಕ್ಕದಲ್ಲಿ 50 ಸೆಂಟ್ಸ್ ಗದ್ದೆಗೆ ಸುಮಾರು 1,700 ರೂಪಾಯಿ. ದೊಡ್ಡ ಮೊತ್ತ ಅಲ್ಲ. ಆದರೂ ಅದು ನಮ್ಮ ಹಕ್ಕು. ಬಿಡಬಾರದು.

ಏನು ಮಾಡಬೇಕು?

ಬೆಳೆ ಹಾಳಾದ ಕೂಡಲೇ ಗ್ರಾಮ ಕರಣಿಕರಿಗೆ ತಿಳಿಸಿ. ಅವರನ್ನು ಈಗ ಗ್ರಾಮ ಆಡಳಿತ ಅಧಿಕಾರಿ ಎನ್ನುತ್ತಾರೆ. ರೈತ ಸಂಪರ್ಕ ಕೇಂದ್ರಕ್ಕೂ ಹೇಳಿ. ಅಳತೆಗೆ ಬಂದಾಗ ನೀವೇ ಗದ್ದೆಯಲ್ಲಿ ನಿಲ್ಲಿ. ಸರ್ವೆ ನಂಬರ್, ಬೆಳೆಯ ಹೆಸರು ಓದಿ ನೋಡಿ. ಹಣ ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಖಾತೆಗೆ ಆಧಾರ್ ಜೋಡಿಸಿರಬೇಕು.

ಪಹಣಿಯಲ್ಲಿ ತೀರಿಹೋದವರ ಹೆಸರು ಉಂಟಾ? ನೆರೆ ಬರುವ ತನಕ ಕಾಯಬೇಡಿ. ಮರಣ ಪತ್ರ, ವಂಶವೃಕ್ಷ ಹಿಡಿದು ನಾಡ ಕಚೇರಿಗೆ ಹೋಗಿ. ಪೌತಿ ಖಾತೆಗೆ ಅರ್ಜಿ ಕೊಡಿ. ಆ ಅಕ್ಕನೂ ಹಾಗೆಯೇ ಮಾಡಿದರು. ಈಗ ಪಹಣಿಯಲ್ಲಿ ಅವರ ಹೆಸರು ಉಂಟು. ಅದನ್ನು ಅವರೇ ಓದಿದರು.

ಇವತ್ತು ಮನೆಗೆ ಹೋಗಿ ನಿಮ್ಮ ಪಹಣಿ ಹುಡುಕಿ. ನಾಳೆ ತರಗತಿಗೆ ತನ್ನಿ. ಎಲ್ಲರೂ ಒಟ್ಟಿಗೆ ಕೂತು ಓದುವ.